ಹಲಾಲ್ ಆಹಾರ ಖರೀದಿ: ಚಚಡಿ ಸೀಮೆಯ ಮುಸ್ಲಿಂ ಯುವಜನ

ಇಸ್ಲಾಮಿನ ಧರ್ಮಶಾಸ್ತ್ರ ತಿನ್ನಲು ಒಪ್ಪಿದ ಆಹಾರ ಹಲಾಲ್, ನಿಷೇಧಿಸಿದ್ದು ಹರಾಮ್. ಹಂದಿಮಾಂಸ, ಹರಿದ ರಕ್ತ, ತಾನಾಗಿ ಸತ್ತ ಪ್ರಾಣಿ, ಅಲ್ಲಾಹನ ಹೆಸರಿಲ್ಲದೆ ಅನ್ಯರ ಹೆಸರಿನಲ್ಲಿ ಕೊಯ್ದದ್ದು, ಅಮಲಿನ ಪಾನೀಯ ಇವು ಸ್ಪಷ್ಟವಾಗಿ ಹರಾಮ್. ಕಾಳುಕಡಿ, ತರಕಾರಿ, ಹಾಲು, ಮೀನು ಸ್ಪಷ್ಟವಾಗಿ ಹಲಾಲ್. ಇವೆರಡರ ನಡುವೆ ‘ಮಷ್ಬೂಹ್’ ಎಂಬ ಮೂರನೆಯ ವರ್ಗವಿದೆ. ಹಾಗೆಂದರೆ ಸಂಶಯಕ್ಕೆ ಎಡೆಯಿರುವುದು. ಎಳೆಯ ಗ್ರಾಹಕರ ಖರೀದಿಯ ಪ್ರಶ್ನೆಗಳೆಲ್ಲ ಏಳುವುದು ಇಲ್ಲಿ. ಜೋಳದ ರೊಟ್ಟಿ ಹಲಾಲೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ, ಕ್ರೀಮ್ ಬಿಸ್ಕಿಟ್ಟಿನ ಬಗ್ಗೆ ಕೇಳುತ್ತಾರೆ.

ಚಚಡಿ ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಹಳ್ಳಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿದ ಈ ಸೀಮೆ ಮಲಪ್ರಭೆಯ ಆಸುಪಾಸಿನದು. ಹತ್ತಿ, ಜೋಳ, ಕಬ್ಬು ಬೆಳೆಯುವ ನೆಲ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.79 ಲಕ್ಷ, ಅದರಲ್ಲಿ ಮುಸ್ಲಿಮರು ಸುಮಾರು ಶೇ 11. ರಾಜ್ಯದ ಒಟ್ಟು ಪ್ರಮಾಣ ಶೇ 12.9. ಇಲ್ಲಿಯ ಮುಸ್ಲಿಮರು ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ ಆಡುತ್ತಾರೆ. ನದಾಫ, ಬಾಗವಾನ, ಮುಲ್ಲಾ ಎಂಬ ಅಡ್ಡಹೆಸರುಗಳಲ್ಲೇ ಹಿರಿಯರ ಕಸುಬು ಉಳಿದಿದೆ. ಕೌಲಾಲಂಪುರದ ಸೂಪರ್ ಮಾರುಕಟ್ಟೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಹಲಾಲ್ ಅಧ್ಯಯನಗಳು ಈ ಸೀಮೆಗೆ ಅರ್ಧ ಮಾತ್ರ ಹೊಂದುತ್ತವೆ. ಅಲ್ಲಿ ಹಲಾಲ್ ಎಂದರೆ ಪೊಟ್ಟಣದ ಮೇಲಿನ ಮುದ್ರೆ. ಇಲ್ಲಿ ಅದು ಬಹುಮಟ್ಟಿಗೆ ಪರಿಚಯದ ಮುಖ.

ಮುಖದ ನಂಬಿಕೆ

ಸಂತೆಯ ದಿನ ಮಟನ್ ಅಂಗಡಿಯಲ್ಲಿ ತೂಗುವ ಕುರಿಗೆ ಯಾವ ಪ್ರಮಾಣಪತ್ರವೂ ಇರುವುದಿಲ್ಲ. ಕೊಳ್ಳಲು ಬಂದ ಹುಡುಗ ಕಟ್ಟಿಗೆಯ ದಿಮ್ಮಿಯ ಮೇಲೆ ತುಂಡಾಗುತ್ತಿರುವ ಮಾಂಸವನ್ನು ನೋಡುತ್ತಾನೆ, ಕತ್ತಿ ಹಿಡಿದವರನ್ನು ನೋಡುತ್ತಾನೆ, ಸುಮ್ಮನೆ ಸಾಲಿನಲ್ಲಿ ನಿಲ್ಲುತ್ತಾನೆ. ಆ ಚಾಚಾ ಶುಕ್ರವಾರ ಅದೇ ಮಸೀದಿಯ ಸಾಲಿನಲ್ಲಿ ನಿಲ್ಲುವವರು. ಅವರ ಅಪ್ಪನ ಕೈಯಿಂದ ಇವನ ಅಜ್ಜ ಮಾಂಸ ಕೊಂಡಿದ್ದರು. ಖಾತ್ರಿಗೆ ಇಷ್ಟು ಸಾಕು. ಇಲ್ಲಿಯವರು ಅನುಸರಿಸುವ ಹನಫಿ ಪಂಥದ ವಿಧಿಯಂತೆ ಕೊಯ್ಯುವವರು ಅಲ್ಲಾಹನ ಹೆಸರೆತ್ತಿ, ಹರಿತವಾದ ಕತ್ತಿಯಿಂದ ಶ್ವಾಸನಾಳ, ಅನ್ನನಾಳ, ಕೊರಳಿನ ಎರಡು ರಕ್ತನಾಳ ಈ ನಾಲ್ಕರಲ್ಲಿ ಕನಿಷ್ಠ ಮೂರನ್ನು ಕತ್ತರಿಸಬೇಕು, ರಕ್ತ ಹರಿದುಹೋಗಬೇಕು. ಅದನ್ನು ಕಣ್ಣಾರೆ ಕಂಡ ಗ್ರಾಹಕ ವಿರಳ. ನಂಬಿಕೆಯೇ ಇಲ್ಲಿ ಲೇಬಲ್.

ಕೋಳಿಯ ವಿಷಯದಲ್ಲಿ ಮಾತ್ರ ಈಗಲೂ ಕಣ್ಣೆದುರಿನ ಕೆಲಸ. ಪಂಜರದಿಂದ ಬ್ರಾಯ್ಲರ್ ಕೋಳಿ ತೆಗೆದು ತೂಗಿ, ‘ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್’ ಎಂದು ಕೊಯ್ದು ಡ್ರಮ್ಮಿಗೆ ಹಾಕುವುದನ್ನು ಗಿರಾಕಿ ನಿಂತು ನೋಡಬಹುದು. ಎಳೆಯರು ಬ್ರಾಯ್ಲರಿಗೆ ಒಲಿದಿರುವುದಕ್ಕೆ ಅಗ್ಗವೆಂಬುದು ಮೊದಲ ಕಾರಣ. ಆದರೆ ಕೇಳದೆಯೇ ತಿಳಿಯುವ ಈ ಬಯಲು ವ್ಯವಹಾರವೂ ಒಂದು ಕಾರಣವೆಂದು ತೋರುತ್ತದೆ. ಜವಾರಿ ಕೋಳಿ ಮನೆಯಲ್ಲೇ ಇದ್ದರೆ ಕೊಯ್ಯಲು ಅಜ್ಜನೋ ಅಪ್ಪನೋ ಇರುತ್ತಾರೆ. ಶಾಸ್ತ್ರದ ಪ್ರಕಾರ ಹೆಂಗಸರೂ ಕೊಯ್ಯಬಹುದು, ರೂಢಿಯಲ್ಲಿ ಮಾತ್ರ ಅದು ಕಡಿಮೆ.

ಈ ಮುಖದ ನಂಬಿಕೆ ಮುಸ್ಲಿಮರದ್ದಷ್ಟೇ ಆಗಿರಲಿಲ್ಲ ಎಂಬುದು ಉತ್ತರ ಕರ್ನಾಟಕದ ವಿಶೇಷ. ಹಳೆಯ ಹಳ್ಳಿಯ ಏರ್ಪಾಟಿನಲ್ಲಿ ಮುಲ್ಲಾ ಆಯಗಾರರಂತೆ ಊರಿಗೆ ಬೇಕಾದವನು. ಮದುವೆಗೋ ಜಾತ್ರೆಗೋ ಕುರಿ ಕೊಯ್ಯಲು ಎಷ್ಟೋ ಹಿಂದೂ ಮನೆಗಳವರೇ ಅವನನ್ನು ಕರೆಯುತ್ತಿದ್ದರು, ಕೂಲಿಯಾಗಿ ಕಾಳೋ ಮಾಂಸದ ಪಾಲೋ ಸಲ್ಲುತ್ತಿತ್ತು. ದರ್ಗಾಕ್ಕೆ ಹರಕೆ ಹೊತ್ತು ಕುರಿ ಬೇಯಿಸಿ ಊರಿಗೆ ಉಣಿಸುವ ‘ಕಂದೂರಿ’ಯನ್ನು ಹಿಂದೂಗಳೂ ಮಾಡುತ್ತಾರೆ. ನವಲಗುಂದ ತಾಲ್ಲೂಕಿನ ಯಮನೂರಿನ ಸಂತನನ್ನು ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗ ಸವಾರನೆಂದೂ ಕರೆದು ಜೊತೆಯಾಗಿ ನಡೆದುಕೊಳ್ಳುತ್ತಾರೆ. ಮೊಹರಮ್ಮಿನಲ್ಲಿ ಚೊಂಗೆ ಎಂಬ ಸಿಹಿ ರೊಟ್ಟಿ ಮಾಡಿ ಸಕ್ಕರೆ ಓದಿಸುವ ಲಿಂಗಾಯತ, ಕುರುಬ ಮನೆಗಳು ಈ ಭಾಗದಲ್ಲಿ ಹೊಸತಲ್ಲ.

ಈ ಹಂಚಿಕೆಯ ಊಟದ ಬಗ್ಗೆ ಇಂದಿನ ಎಳೆಯರಲ್ಲಿ ಎರಡು ಮನಸ್ಸಿದೆ. ತಬ್ಲೀಗ್ ಜಮಾತಿನ ಗಸ್ತಿನಲ್ಲಿ ತಿರುಗಿದವರು, ಮೊಬೈಲಿನಲ್ಲಿ ಅಹ್ಲೆ ಹದೀಸ್ ಬೋಧಕರನ್ನು ಕೇಳುವವರು ಮೊಹರಮ್ಮಿನ ಚೊಂಗೆಯನ್ನೂ ಕಂದೂರಿಯ ಮಾಂಸವನ್ನೂ ಬಿಡಲು ಹೇಳುತ್ತಾರೆ. ದರ್ಗಾದ ಸುನ್ನಿ ರೂಢಿಯಲ್ಲಿ ಬೆಳೆದವರಿಗೆ ಅದು ತಬರ್ರುಕ್, ಪ್ರಸಾದ. ಒಂದೇ ಮನೆಯಲ್ಲಿ ಅಜ್ಜಿ ಕಣ್ಣಿಗೊತ್ತಿಕೊಂಡು ತಿಂದದ್ದನ್ನು ಮೊಮ್ಮಗ ತಟ್ಟೆಯಲ್ಲೇ ಬಿಡುವುದುಂಟು. ಹಾಗಾಗಿ ‘ಧಾರ್ಮಿಕತೆ ಹೆಚ್ಚಿದಷ್ಟೂ ಹಲಾಲ್ ಖರೀದಿ ಹೆಚ್ಚು’ ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಅಜ್ಜಿಯ ಧಾರ್ಮಿಕತೆ ಮೊಮ್ಮಗನದಕ್ಕಿಂತ ಕಡಿಮೆಯದಲ್ಲ, ಬಗೆ ಬೇರೆ.

ಪೊಟ್ಟಣದ ಬೆನ್ನು

ಮುಖದ ನಂಬಿಕೆ ಕಿರಾಣಿ ಅಂಗಡಿಯ ಹಗ್ಗಕ್ಕೆ ತೂಗಿದ ಪೊಟ್ಟಣಗಳ ಹತ್ತಿರ ಬಂದು ನಿಲ್ಲುತ್ತದೆ. ಅಂಗಡಿಯವರು ಶೆಟ್ಟರಿರಲಿ ಸಾಹೇಬರಿರಲಿ, ಜೆಲ್ಲಿ ಚಾಕಲೇಟು ಯಾವ ಊರಿನ ಯಾವ ಯಂತ್ರದಿಂದ ಬಂತೆಂದು ಅವರಿಗೂ ಗೊತ್ತಿಲ್ಲ. ಇಲ್ಲಿ ಓದು ಬಲ್ಲವರಿಗೆ ಅಧಿಕಾರ ಬರುತ್ತದೆ, ಮನೆಯಲ್ಲಿ ಓದು ಬಲ್ಲವರು ಸಾಮಾನ್ಯವಾಗಿ ಕಾಲೇಜಿಗೆ ಹೋಗುವ ಹುಡುಗಿ. ಮಾಂಸ ತರುವುದು ಗಂಡಸರ ಕೆಲಸವಾಗಿದ್ದ ಮನೆಯಲ್ಲಿ, ಪೊಟ್ಟಣದ ಹಲಾಲ್ ತೀರ್ಮಾನ ಹೆಣ್ಣುಮಕ್ಕಳ ಕೈಗೆ ಬಂದಿರುವುದು ಸಣ್ಣ ಬದಲಾವಣೆಯಲ್ಲ.

ಅವಳು ಮೊದಲು ನೋಡುವುದು ಹಲಾಲ್ ಮುದ್ರೆಯನ್ನಲ್ಲ, ಹಸಿರು ಚುಕ್ಕೆಯನ್ನು. ಸಸ್ಯಾಹಾರಿಗಳಿಗಾಗಿ ಬಂದ ಈ ಗುರುತನ್ನು ಭಾರತದ ಮುಸ್ಲಿಮರು ತಮಗೂ ಬಳಸಿಕೊಂಡಿದ್ದಾರೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹಾಲು, ಜೇನು, ಜೇನುಮೇಣ, ಅರಗು ಬಿಟ್ಟು ಪ್ರಾಣಿಮೂಲದ ಯಾವುದೇ ವಸ್ತುವಿದ್ದರೂ ಹಸಿರು ಚುಕ್ಕೆ ಹಾಕುವಂತಿಲ್ಲ. ಹಾಗಾಗಿ ಹಸಿರಿದ್ದರೆ ಹಂದಿಕೊಬ್ಬಿನ ಭಯ ಹೋಯಿತು, ಜೆಲಟಿನ್‌ನ ಭಯವೂ ಹೋಯಿತು. ಉಳಿಯುವುದು ಮದ್ಯಸಾರ ಒಂದೇ. ಸುವಾಸನೆಯ ದ್ರಾವಕದಲ್ಲಿ ಅದು ಇರಬಹುದು, ಚುಕ್ಕೆಯ ಬಣ್ಣ ಅದನ್ನು ಹೇಳುವುದಿಲ್ಲ. ಕಂದು ಗುರುತು ಮಾತ್ರ ಏನನ್ನೂ ಹೇಳದ ಗುರುತು. ಈಗ ತ್ರಿಕೋನದಲ್ಲಿ ಬರುವ ಅದರೊಳಗೆ ಮೊಟ್ಟೆಯ ಕೇಕೂ ಸೇರುತ್ತದೆ, ಹಂದಿಯ ಸಾಸೇಜೂ ಸೇರುತ್ತದೆ. ಮೊದಲನೆಯದು ಹಲಾಲ್ ಆಗಬಹುದು, ಎರಡನೆಯದು ಎಂದೂ ಆಗದು. ಹಲಾಲ್ ಮುದ್ರೆ ನಿಜಕ್ಕೂ ಬೇಕಾಗುವುದು ಈ ಕಂದು ತ್ರಿಕೋನದ ಪಕ್ಕದಲ್ಲಿ.

ಚುಕ್ಕೆಯ ನಂತರ ಬೆನ್ನಿನ ಸಣ್ಣಕ್ಷರ. ಆಹಾರದ ಸೇರ್ಪಡೆಗಳನ್ನು ಗುರುತಿಸುವ ಐಎನ್ಎಸ್ ಸಂಖ್ಯೆಗಳಲ್ಲಿ 471 ಎಂಬ ಕೊಬ್ಬಿನಾಮ್ಲದ ಸಂಯುಕ್ತ ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ. 120 ಎಂದರೆ ಕೊಚಿನೀಲ್ ಹುಳುವಿನ ಕೆಂಪು ಬಣ್ಣ, ಹನಫಿಗಳಿಗೆ ಸಲ್ಲದು. 631 ಎಂಬ ರುಚಿವರ್ಧಕ ಚಿಪ್ಸು, ನೂಡಲ್ಸಿನ ಮಸಾಲೆಗಳಲ್ಲಿ ಬರುತ್ತದೆ. ‘631 ಅಂದರೆ ಹಂದಿಯ ಕೊಬ್ಬು’ ಎಂಬ ಸಂದೇಶ ವಾಟ್ಸಾಪಿನಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಅದು ಮಾಂಸ, ಮೀನಿನಿಂದಲೂ ಆಗಬಹುದು, ಪಿಷ್ಟವನ್ನು ಹುದುಗಿಸಿಯೂ ಆಗಬಹುದು. ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಮೊದಲನೆಯದಕ್ಕೆ ಎಡೆಯೇ ಇಲ್ಲ. ಆದರೂ ಸಂದೇಶ ಬಂದ ವಾರ ಮಕ್ಕಳ ಕೈಯಿಂದ ಚಿಪ್ಸು ಕಸಿಯುವ ಅಮ್ಮಂದಿರಿದ್ದಾರೆ, ಮುಂದಿನ ವಾರ ಎಲ್ಲ ಮೊದಲಿನಂತೆ. ಎಳೆಯರ ಖರೀದಿಯಲ್ಲಿ ಜ್ಞಾನಕ್ಕಿಂತ ಗಾಳಿಸುದ್ದಿ ವೇಗವಾಗಿ ಕೆಲಸ ಮಾಡುತ್ತದೆ, ಬೇಗ ಇಳಿದೂ ಹೋಗುತ್ತದೆ.

ಸಂಶೋಧಕರ ತಕ್ಕಡಿ

ಗ್ರಾಹಕರು ಏಕೆ ಕೊಳ್ಳುತ್ತಾರೆಂದು ಅಳೆಯಲು ಹಲಾಲ್ ಅಧ್ಯಯನಗಳು ಹೆಚ್ಚಾಗಿ ಹಿಡಿದಿರುವುದು ಮನೋವಿಜ್ಞಾನಿ ಐಸೆಕ್ ಐಜೆನ್ 1991ರಲ್ಲಿ ವಿಸ್ತರಿಸಿ ಮಂಡಿಸಿದ ಯೋಜಿತ ವರ್ತನೆಯ ಸಿದ್ಧಾಂತವನ್ನು. ಅದರ ಪ್ರಕಾರ ಒಂದು ಕೆಲಸ ಮಾಡುವ ಉದ್ದೇಶ ಮೂರರಿಂದ ಹುಟ್ಟುತ್ತದೆ: ಅದರ ಬಗ್ಗೆ ತನ್ನ ಮನೋಭಾವ, ತನಗೆ ಬೇಕಾದವರು ಏನೆನ್ನುತ್ತಾರೋ ಎಂಬ ಒತ್ತಡ, ಅದು ತನ್ನ ಕೈಲಾಗುತ್ತದೆಂಬ ಭರವಸೆ. 2007ರಲ್ಲಿ ಕರೀನ್ ಬೊನ್ ಮತ್ತು ಸಂಗಡಿಗರು ಫ್ರಾನ್ಸಿನ ಮುಸ್ಲಿಮರನ್ನು ಅಧ್ಯಯನ ಮಾಡಿದಾಗ ಈ ಮೂರೂ ಕೆಲಸ ಮಾಡುವುದು ಕಂಡುಬಂತು. 2009ರಲ್ಲಿ ಮಲೇಷ್ಯಾದ ಸುದ್ದಿನ್ ಲಾಡಾ ಮತ್ತು ಇತರರು, 2012ರಲ್ಲಿ ಪಾಕಿಸ್ತಾನದಲ್ಲಿ ಮುಖ್ತಾರ್ ಮತ್ತು ಬಟ್ ನಡೆಸಿದ ಅಧ್ಯಯನಗಳಲ್ಲಿ ಎಲ್ಲಕ್ಕಿಂತ ಭಾರವಾಗಿ ತೂಗಿದ್ದು ಎರಡನೆಯದು, ನಾಲ್ಕು ಜನರ ಮಾತು.

ಚಚಡಿ ಸೀಮೆಗೆ ಈ ತಕ್ಕಡಿಯನ್ನು ತಂದರೆ ಎರಡನೆಯ ಬಟ್ಟಲು ಇನ್ನೂ ಕೆಳಗಿಳಿಯುತ್ತದೆ. ಚಿಕ್ಕ ಊರಿನಲ್ಲಿ ಯಾರು ಯಾವ ಅಂಗಡಿಯ ಮೆಟ್ಟಿಲು ಹತ್ತಿದರೆಂಬುದು ಸಂಜೆಯೊಳಗೆ ಮನೆಗೆ ತಲುಪುತ್ತದೆ. ಆದರೆ ಮೊದಲ ಬಟ್ಟಲಿಗೆ ಇಲ್ಲಿ ತೂಕವೇ ಇಲ್ಲ: ಊರಿನ ಮಾಂಸ ಬಹುಮಟ್ಟಿಗೆ ಹಲಾಲೇ ಆಗಿರುವಾಗ ಹಲಾಲ್ ಬಗ್ಗೆ ‘ಮನೋಭಾವ’ ಏನೆಂದು ಕೇಳುವುದು ಮೀನಿಗೆ ನೀರಿನ ಬಗ್ಗೆ ಕೇಳಿದಂತೆ. ಮೂರನೆಯದು ಏಳುವುದು ಹುಡುಗ ಬಸ್ಸು ಹತ್ತಿದ ಮೇಲೆ.

ಊರು ಬಿಟ್ಟ ಮೇಲೆ

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೋ ಧಾರವಾಡ, ಹುಬ್ಬಳ್ಳಿಯ ಕಾಲೇಜುಗಳಿಗೋ ಹೋದವರ ಮೊದಲ ಉಪಾಯ ಅತಿ ಸರಳ: ಹೊರಗೆ ಸಸ್ಯಾಹಾರ. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಮೊಸರು ತಿಂದರೆ ಯಾರನ್ನೂ ಏನೂ ಕೇಳಬೇಕಿಲ್ಲ. ಮಾಂಸ ಬೇಕೆನಿಸಿದರೆ ಹಸಿರು ಬೋರ್ಡು, ಗೋಡೆಯ ಮೇಲೆ ಅರಬ್ಬಿ ಅಕ್ಷರ, ಬಿರಿಯಾನಿ ಹಂಡೆಯ ಮುಂದೆ ಟೋಪಿ ಹಾಕಿದ ಮಾಲೀಕರು. ಮುಖದ ನಂಬಿಕೆ ಇಲ್ಲಿ ವೇಷದ ನಂಬಿಕೆಯಾಗುತ್ತದೆ. ‘ಭಾಯಿ, ಹಲಾಲ್ ಹೈ ನಾ?’ ಎಂಬ ಪ್ರಶ್ನೆ ಅಂಥ ಕಡೆ ಬರೀ ಶಿಷ್ಟಾಚಾರ. ಹುಬ್ಬಳ್ಳಿ, ಗದಗದ ಹೆಸರಾದ ಸಾವಜಿ ಖಾನಾವಳಿಗಳ ಖಾರ ಎಲ್ಲರನ್ನೂ ಸೆಳೆಯುತ್ತದೆ; ಅಲ್ಲಿ ಮಟನ್ ಎಲ್ಲಿಂದ ಬಂತೆಂದು ಗೊತ್ತಿದ್ದವರು ಒಳಗೆ ಹೋಗುತ್ತಾರೆ, ಗೊತ್ತಿಲ್ಲದವರು ಮೊಟ್ಟೆಗೆ ನಿಲ್ಲುತ್ತಾರೆ.

ಮಂಗಳೂರಿಗೆ ಓದಲು ಹೋದವರಿಗೆ ಬೇರೆಯೇ ಪಾಠ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪಂಥದವರು, ಒಳನಾಡಿನವರು ಹನಫಿಗಳು. ಶಾಫಿಗಳಿಗೆ ಕಡಲ ಜೀವಿಗಳು ಬಹುತೇಕ ಎಲ್ಲವೂ ಹಲಾಲ್. ಹನಫಿಗಳಿಗೆ ನೀರಿನಲ್ಲಿ ಮೀನು ಮಾತ್ರ. ಏಡಿ ಸಲ್ಲದು, ಸೀಗಡಿ ಮೀನೋ ಅಲ್ಲವೋ ಎಂದು ಪಂಡಿತರಲ್ಲೇ ಜಗಳ. ಬೈಲಹೊಂಗಲದ ಹುಡುಗ ತನ್ನ ಬ್ಯಾರಿ ಗೆಳೆಯ ಏಡಿ ಒಡೆದು ಚೀಪುವುದನ್ನು ನೋಡಿ ಬೆರಗಾಗುವ ಕ್ಷಣದಲ್ಲಿ ಹಲಾಲ್ ಎಂಬುದು ಒಂದೇ ಪಟ್ಟಿಯಲ್ಲವೆಂದು ಕಲಿಯುತ್ತಾನೆ. ಯಾವ ಮುದ್ರೆಯೂ ಇದನ್ನು ಪೊಟ್ಟಣದ ಮೇಲೆ ಬರೆಯುವುದಿಲ್ಲ.

ಕೆಲಸ ಹುಡುಕಿ ಗೋವೆಗೆ ಹೋಗುವವರು ಈ ಜಿಲ್ಲೆಯಲ್ಲಿ ಬಹಳ. ಅಲ್ಲಿನ ಮಾರುಕಟ್ಟೆಯಲ್ಲಿ ಹಂದಿಮಾಂಸ ಸಾಮಾನ್ಯ, ಬೇಕರಿಯ ತಿನಿಸಿನಲ್ಲಿ ಏನಿದೆಯೋ ಎಂಬ ಅನುಮಾನ ಜೊತೆಗೇ ಇರುತ್ತದೆ. ಒಂದೇ ಬಾಡಿಗೆ ಕೋಣೆಯಲ್ಲಿ ನಾಲ್ವರು ಸೇರಿ ಅಡುಗೆ ಮಾಡಿಕೊಳ್ಳುವುದಕ್ಕೆ ಹಣದ ಉಳಿತಾಯ ಒಂದು ಕಾರಣ, ಈ ಅನುಮಾನ ಇನ್ನೊಂದು. ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದಾಗ ಬೆಳಗಾವಿ ಕಡೆಯಿಂದ ಗೋವೆಗೆ ಹೋಗುತ್ತಿದ್ದ ದನದ ಮಾಂಸ ನಿಂತು ಅಲ್ಲಿ ಕೊರತೆಯಾಯಿತು. ಆ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ ಬಿಟ್ಟು ಉಳಿದ ಜಾನುವಾರು ಹತ್ಯೆಯನ್ನು ನಿಷೇಧಿಸಿತು. ಅಗ್ಗದ ಮಾಂಸ ದೂರವಾದಂತೆ ಬಡ ಮನೆಗಳಲ್ಲಿ ಖರೀದಿ ಬ್ರಾಯ್ಲರ್ ಕಡೆ ವಾಲಿತು. ಇಲ್ಲಿ ಕೊಳ್ಳುವವರ ಆಯ್ಕೆಯನ್ನು ನಿರ್ಧರಿಸಿದ್ದು ಧರ್ಮವೂ ಅಲ್ಲ ರುಚಿಯೂ ಅಲ್ಲ, ಶಾಸನಸಭೆ.

2022ರ ನಂತರ

2022ರ ಯುಗಾದಿಯ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸ ಬಹಿಷ್ಕಾರದ ಕರೆ ಎದ್ದಿತು. ಅದಕ್ಕೆ ತುಸು ಮೊದಲು, ಮಾರ್ಚ್ 15ರಂದು, ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದದ ತೀರ್ಪು ಬಂದಿತ್ತು. ಏಪ್ರಿಲ್ 2ರ ಯುಗಾದಿಯ ಮರುದಿನದ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ, ಒಂದೇ ಏಟಿಗೆ ಕಡಿದ ಜಟ್ಕಾ ಮಾಂಸ ಕೊಳ್ಳಿ ಎಂದು ಹಿಂದುತ್ವ ಸಂಘಟನೆಗಳು ಪ್ರಚಾರ ಮಾಡಿದವು. ಹೊಸತೊಡಕು ಹಳೆ ಮೈಸೂರಿನ ಹಬ್ಬ. ಬೆಳಗಾವಿ ಕಡೆ ಹಬ್ಬದ ಮರುದಿನಕ್ಕೆ ‘ಕರಿ’ ಎನ್ನುತ್ತಾರೆ. ಆದರೆ ಟಿವಿಗೆ ಎಲ್ಲ ಸೀಮೆಯೂ ಒಂದೇ. ಪಶುಸಂಗೋಪನಾ ಇಲಾಖೆ ಆಗಲೇ ಬೆಂಗಳೂರಿನ ಕಸಾಯಿಖಾನೆಗಳಲ್ಲಿ ಪ್ರಾಣಿಗೆ ಪ್ರಜ್ಞೆ ತಪ್ಪಿಸುವ ವ್ಯವಸ್ಥೆ ಇದೆಯೇ ನೋಡಬೇಕೆಂದು ಪಾಲಿಕೆಗೆ ಬರೆಯಿತು. ಪ್ರಾಣಿಹಿಂಸೆ ತಡೆ ಕಾಯ್ದೆ 1960ರ 28ನೇ ಕಲಮು ಮಾತ್ರ ಧರ್ಮದ ವಿಧಿಯಂತೆ ಪ್ರಾಣಿ ಕೊಯ್ಯುವುದನ್ನು ಅಪರಾಧವಲ್ಲವೆನ್ನುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಹಲಾಲ್ ಪ್ರಮಾಣೀಕರಣದ ವಿರುದ್ಧ ಖಾಸಗಿ ಮಸೂದೆ ತರುವ ಯತ್ನ ವಿಧಾನ ಪರಿಷತ್ ಸದಸ್ಯ ಎನ್. ರವಿಕುಮಾರ್ ಅವರಿಂದ ನಡೆಯಿತು.

ಮುದ್ರೆಯೇ ಹೊರೆಯಾದ ಉದಾಹರಣೆಗಳು ಬೇರೆ ಕಡೆಯೂ ಇವೆ. 2019ರ ಆಗಸ್ಟಿನಲ್ಲಿ ಮ್ಯಾಕ್‌ಡೊನಾಲ್ಡ್ಸ್ ಇಂಡಿಯಾ ತನ್ನ ಎಲ್ಲ ಮಳಿಗೆಗಳಿಗೂ ಹಲಾಲ್ ಪ್ರಮಾಣಪತ್ರವಿದೆ ಎಂದು ಟ್ವೀಟ್ ಮಾಡಿ ಬಹಿಷ್ಕಾರದ ಕರೆ ಎದುರಿಸಿತು. 2023ರಲ್ಲಿ ರೈಲಿನಲ್ಲಿ ಕೊಟ್ಟ ಚಹಾಪುಡಿಯ ಪೊಟ್ಟಣದ ಮೇಲೆ ಹಲಾಲ್ ಮುದ್ರೆ ಕಂಡು ಪ್ರಯಾಣಿಕರೊಬ್ಬರು ಜಗಳ ತೆಗೆದರು. ಪಾಪ, ಅದರ ಮೇಲೆ ಹಸಿರು ಚುಕ್ಕೆಯೂ ಇತ್ತು. 2023ರ ನವೆಂಬರ್ 18ರಂದು ಉತ್ತರ ಪ್ರದೇಶ ಸರ್ಕಾರ ಹಲಾಲ್ ಮುದ್ರೆಯ ಸರಕುಗಳ ತಯಾರಿಕೆ, ಮಾರಾಟ ನಿಷೇಧಿಸಿತು, ರಫ್ತಿಗೆ ಮಾತ್ರ ವಿನಾಯಿತಿ ಕೊಟ್ಟಿತು.

ಇದರ ಪರಿಣಾಮ ಎಳೆಯರ ಖರೀದಿಯಲ್ಲಿ ಎರಡು ದಿಕ್ಕಿಗೆ ಹರಿದಿದೆ. ಕೆಲವರು ಮೊದಲು ಲೆಕ್ಕಕ್ಕೇ ಇಡದ ಮುದ್ರೆಯನ್ನು ಈಗ ಹುಡುಕಿ ಕೊಳ್ಳುತ್ತಾರೆ. ಅದು ಅವರಿಗೆ ಊಟದ ಪ್ರಶ್ನೆಗಿಂತ ಗುರುತಿನ ಪ್ರಶ್ನೆ. ಹೆಚ್ಚಿನವರು ಗಟ್ಟಿಯಾಗಿ ಕೇಳುವುದನ್ನೇ ಬಿಟ್ಟಿದ್ದಾರೆ. ಸ್ನೇಹಿತರ ಜೊತೆ ಹೋಟೆಲಿಗೆ ಹೋದಾಗ ಮಾಣಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುವುದು, ಇಲ್ಲವೇ ‘ನನಗ ಇವತ್ತ ಹಸಿವಿಲ್ಲ, ಗೋಬಿ ಸಾಕು’ ಎನ್ನುವುದು. ಈ ಮುಜುಗರವನ್ನು ಅಳೆಯುವ ಬಟ್ಟಲು ಐಜೆನ್ನನ ತಕ್ಕಡಿಯಲ್ಲಿ ಇಲ್ಲ.

ಮುದ್ರೆ ಕೊಡುವವರು

ಭಾರತದಲ್ಲಿ ಹಲಾಲ್ ಪ್ರಮಾಣಪತ್ರ ಕೊಡುವುದು ಸರ್ಕಾರವಲ್ಲ, ಖಾಸಗಿ ಸಂಸ್ಥೆಗಳು: ಚೆನ್ನೈನ ಹಲಾಲ್ ಇಂಡಿಯಾ, ದೆಹಲಿಯ ಜಮಿಯತ್ ಉಲಮಾ-ಎ-ಹಿಂದ್ ಹಲಾಲ್ ಟ್ರಸ್ಟ್ ಮುಂತಾದವು. ಮಲೇಷ್ಯಾದಲ್ಲಿ ಜಾಕಿಮ್ ಎಂಬ ಸರ್ಕಾರಿ ಇಲಾಖೆಯ ಒಂದೇ ಮುದ್ರೆ. ಇಂಡೊನೇಷ್ಯಾ 2014ರ ಕಾನೂನಿನಿಂದ ಪ್ರಮಾಣೀಕರಣವನ್ನು ಕಡ್ಡಾಯದತ್ತ ಒಯ್ದಿತು. ನಮ್ಮ ಸರ್ಕಾರ ಕೈಹಾಕಿರುವುದು ರಫ್ತಿನಲ್ಲಿ ಮಾತ್ರ: 2024ರ ಅಕ್ಟೋಬರ್ 16ರಿಂದ 15 ದೇಶಗಳಿಗೆ ಹೋಗುವ ಹಲಾಲ್ ಮಾಂಸಕ್ಕೆ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಕೊಲ್ಲಿ ದೇಶದ ಗ್ರಾಹಕರಿಗೆ ಸಿಗುವ ಖಾತ್ರಿ ರಾಮದುರ್ಗದ ಗ್ರಾಹಕರಿಗೆ ಇಲ್ಲ ಎಂದಾಯಿತು. ರಾಮದುರ್ಗದವರು ಅದನ್ನು ಕೇಳಿಯೂ ಇಲ್ಲ.

ಗ್ರಾಹಕರ ಕಣ್ಣಿಗೆ ಈ ಮುದ್ರೆಗಳೆಲ್ಲ ಒಂದೇ ಥರ ಕಾಣುತ್ತವೆ: ದುಂಡಗಿನ ಚೌಕಟ್ಟು, ನಡುವೆ ಅರಬ್ಬಿಯಲ್ಲಿ ಹಲಾಲ್ ಎಂಬ ಪದ. ಯಾವುದು ಯಾರದೆಂದು ಬಿಡಿಸಿ ನೋಡುವವರು ಕಡಿಮೆ. ದೊಡ್ಡ ಕಂಪನಿಯ ಹೆಸರೇ ಬಹಳ ಸಲ ಮುದ್ರೆಯ ಕೆಲಸ ಮಾಡುತ್ತದೆ. ನಂದಿನಿ ಹಾಲು, ಪೇಡಾ ಕೊಳ್ಳುವಾಗ ಯಾರೂ ಬೆನ್ನು ತಿರುಗಿಸಿ ನೋಡುವುದಿಲ್ಲ.

ಹಬ್ಬದ ಖರೀದಿ ಬೇರೆ ಲೆಕ್ಕದ್ದು. ರಂಜಾನ್‌ನಲ್ಲಿ ಖರ್ಜೂರ, ಶಾವಿಗೆ, ಸುರಕುಂಬಾದ ಒಣಹಣ್ಣು ಕೊಳ್ಳುವಾಗ ಹಲಾಲಿನ ಪ್ರಶ್ನೆಯೇ ಬರುವುದಿಲ್ಲ, ಬೆಲೆಯದೇ ಚರ್ಚೆ. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ಖರ್ಜೂರದ ಡಬ್ಬಿಯ ಮೇಲೆ ಯಾವ ದೇಶದ್ದೆಂದು ನೋಡುವ ಹೊಸ ಅಭ್ಯಾಸ ಎಳೆಯರಲ್ಲಿ ಕಂಡಿತು. ಅದೇ ನವೆಂಬರಿನಲ್ಲಿ ಇಂಡೊನೇಷ್ಯಾದ ಉಲಮಾ ಮಂಡಳಿ ಇಸ್ರೇಲಿಗೆ ಬೆಂಬಲ ಕೊಡುವವರ ಸರಕು ಬೇಡವೆಂದು ಫತ್ವಾ ಕೊಟ್ಟಿತು. ಬಹಿಷ್ಕರಿಸಬೇಕಾದ ಸರಕುಗಳೆಂಬ ಚಿತ್ರರೂಪದ ಪಟ್ಟಿಗಳು ಇನ್‌ಸ್ಟಾಗ್ರಾಮಿನಲ್ಲಿ ಇಲ್ಲಿಗೂ ಬಂದವು. ತಂಪು ಪಾನೀಯದ ಬಾಟಲಿಯಲ್ಲಿ ಹರಾಮಿನ ಒಂದು ಹನಿಯೂ ಇಲ್ಲದಿದ್ದರೂ ಅದನ್ನು ಇಫ್ತಾರಿನ ಚಾಪೆಯಿಂದ ಎತ್ತಿಡುವ ಹುಡುಗರು ಇದ್ದಾರೆ. ಅದರ ಜಾಗದಲ್ಲಿ ಬಂದು ಕೂತಿರುವುದು ಅಜ್ಜಿ ಕಲಸಿದ ನಿಂಬೆ ಶರಬತ್ತು, ಕೆಲವು ಮನೆಗಳಲ್ಲಿ ಅದೇ ಹಳೆಯ ರೂಹ್ ಅಫ್ಜಾ.